ಚಾಲನೆಯ ವೇಳೆ ಹ್ಯಾಂಡ್ಸ್‌ಫ್ರೀ ಫೋನ್ ಮತ್ತು ನ್ಯಾವಿಗೇಷನ್ ಬಳಕೆ

ಹ್ಯಾಂಡ್ಸ್‌ಫ್ರೀ ಎಂದರೆ ದೂರವಾಣಿಯನ್ನು ಕೈಯಲ್ಲಿ ಹಿಡಿಯದೆಯೇ ಕರೆ ಸ್ವೀಕರಿಸಲು ಮತ್ತು ಮಾತನಾಡಲು ಅನುಕೂಲ ಮಾಡಿಕೊಡುವ ವ್ಯವಸ್ಥೆ. ನ್ಯಾವಿಗೇಷನ್ ಎಂದರೆ ಉಪಗ್ರಹಗಳಿಂದ ಬರುವ ಸಂಕೇತಗಳ ಆಧಾರದ ಮೇಲೆ ವಾಹನವಿರುವ ಸ್ಥಳವನ್ನು ಗುರುತಿಸಿ, ತಲುಪಬೇಕಾದ ಊರಿಗೆ ದಾರಿಯನ್ನು ನಕಾಶೆಯಲ್ಲಿ ತೋರಿಸುವ ಹಾಗೂ ಧ್ವನಿಯ ಮೂಲಕ ತಿಳಿಸುವ ವ್ಯವಸ್ಥೆ. ಇಂದು ಇವೆರಡೂ ಬಹುಮಟ್ಟಿಗೆ ಒಂದೇ ಸಾಧನದಲ್ಲಿ, ಅಂದರೆ ಮೊಬೈಲ್ ಫೋನಿನಲ್ಲಿ ಅಥವಾ ಅದಕ್ಕೆ ಜೋಡಿಸಿದ ಕಾರಿನ ಪರದೆಯಲ್ಲಿ ದೊರೆಯುತ್ತವೆ. ಭಾರತದ ಕಾನೂನು ಚಾಲನೆಯ ವೇಳೆ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ. ಹ್ಯಾಂಡ್ಸ್‌ಫ್ರೀ ಬಳಕೆಯನ್ನು ಹಾಗೆ ಪರಿಗಣಿಸುವುದಿಲ್ಲ. ಈ ಕಾರಣದಿಂದ ಹ್ಯಾಂಡ್ಸ್‌ಫ್ರೀ ಬಳಕೆ ಅಪಾಯರಹಿತವೆಂಬ ಭಾವನೆ ಜನರಲ್ಲಿ ವ್ಯಾಪಕವಾಗಿದೆ. ಆದರೆ ಐದು ದಶಕಗಳಿಗೂ ಹೆಚ್ಚು ಕಾಲ ನಡೆದಿರುವ ಸಂಶೋಧನೆಗಳಲ್ಲಿ ಹೆಚ್ಚಿನವು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

ಸಾಧನಗಳ ಸ್ವರೂಪ

ಹ್ಯಾಂಡ್ಸ್‌ಫ್ರೀ ಸಾಧನಗಳಲ್ಲಿ ಅತ್ಯಂತ ಸರಳವಾದುದು ತಂತಿಯಿರುವ ಇಯರ್‌ಫೋನ್. ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಸಾಧನ, ಹೆಲ್ಮೆಟ್‌ನ ಒಳಗೆ ಅಳವಡಿಸುವ ಸ್ಪೀಕರ್ ಮತ್ತು ಮೈಕ್, ಕಾರಿನ ಡ್ಯಾಶ್‌ಬೋರ್ಡಿನಲ್ಲಿಯೇ ಇರುವ ಪರದೆ ಹಾಗೂ ಸ್ಪೀಕರ್‌ಗಳು ಇದರ ಮುಂದುವರಿದ ರೂಪಗಳು. ಹೊಸ ಕಾರುಗಳಲ್ಲಿ ಸ್ಟೀರಿಂಗ್ ಚಕ್ರದ ಮೇಲೆಯೇ ಕರೆ ಸ್ವೀಕರಿಸುವ ಗುಂಡಿ ಇರುತ್ತದೆ. ಆಪಲ್ ಸಂಸ್ಥೆಯ ಕಾರ್‌ಪ್ಲೇ 2014ರಲ್ಲಿಯೂ ಗೂಗಲ್ ಸಂಸ್ಥೆಯ ಆಂಡ್ರಾಯ್ಡ್ ಆಟೋ 2015ರಲ್ಲಿಯೂ ಬಳಕೆಗೆ ಬಂದವು. ಇವು ಫೋನಿನ ಕೆಲವು ಸೌಲಭ್ಯಗಳನ್ನು ಮಾತ್ರ ದೊಡ್ಡ ಅಕ್ಷರ ಮತ್ತು ಚಿತ್ರಗಳೊಂದಿಗೆ ಕಾರಿನ ಪರದೆಗೆ ತರುತ್ತವೆ.

ಫೋನನ್ನು ಕೆನ್ನೆಗೂ ಹೆಲ್ಮೆಟ್ಟಿಗೂ ನಡುವೆ ತುರುಕಿಕೊಂಡು ಮಾತನಾಡುತ್ತ ಹೋಗುವ ದ್ವಿಚಕ್ರ ಸವಾರರು ನಮ್ಮ ರಸ್ತೆಗಳಲ್ಲಿ ನಿತ್ಯ ಕಾಣಸಿಗುತ್ತಾರೆ. ಕೈಗಳು ಹ್ಯಾಂಡಲ್ ಮೇಲಿದ್ದರೂ ಇದನ್ನು ಹ್ಯಾಂಡ್ಸ್‌ಫ್ರೀ ಎನ್ನಲಾಗದು. ಫೋನ್ ಜಾರತೊಡಗಿದಾಗ ಅದನ್ನು ಹಿಡಿಯಲು ಕೈ ತಾನಾಗಿಯೇ ಮೇಲೇಳುತ್ತದೆ, ಕತ್ತು ಒಂದು ಕಡೆಗೆ ವಾಲುತ್ತದೆ, ಆ ಬದಿಯ ನೋಟವೂ ಶಬ್ದವೂ ಮುಚ್ಚಿಹೋಗುತ್ತವೆ.

ಇತಿಹಾಸ

ವಾಹನದಲ್ಲಿ ದೂರವಾಣಿ ಬಳಸುವ ಪದ್ಧತಿ ಮೊಬೈಲ್ ಫೋನಿಗಿಂತ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬೆಲ್ ಸಂಸ್ಥೆಯು 1946ರ ಜೂನ್ 17ರಂದು ಕಾರುಗಳಿಗೆ ದೂರವಾಣಿ ಸೇವೆಯನ್ನು ಆರಂಭಿಸಿತು. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಂದಿಗೆ ಮಾತನಾಡಿದರು. 1999ರಲ್ಲಿ ಮೊದಲ ಆವೃತ್ತಿ ಪ್ರಕಟವಾದ ಬ್ಲೂಟೂತ್ ತಂತ್ರಜ್ಞಾನವು ತಂತಿಯಿಲ್ಲದ ಹ್ಯಾಂಡ್ಸ್‌ಫ್ರೀ ಸಾಧನಗಳಿಗೆ ದಾರಿ ಮಾಡಿತು.

ಕಾರಿಗೆ ದಾರಿ ತೋರುವ ಯಂತ್ರಗಳು ಆರಂಭದಲ್ಲಿ ಉಪಗ್ರಹಗಳನ್ನು ಅವಲಂಬಿಸಿರಲಿಲ್ಲ. ಜಪಾನಿನ ಹೋಂಡಾ ಸಂಸ್ಥೆ 1981ರಲ್ಲಿ ಪರಿಚಯಿಸಿದ ಎಲೆಕ್ಟ್ರೋ ಗೈರೋಕೇಟರ್ ಎಂಬ ಸಾಧನವು ಗೈರೋಸ್ಕೋಪಿನ ನೆರವಿನಿಂದ ಕಾರು ಎತ್ತ ತಿರುಗಿತು, ಎಷ್ಟು ದೂರ ಸಾಗಿತು ಎಂದು ಲೆಕ್ಕ ಹಾಕುತ್ತಿತ್ತು. ಚಾಲಕನು ಪರದೆಯ ಮುಂದೆ ಪಾರದರ್ಶಕ ನಕಾಶೆಯ ಹಾಳೆಗಳನ್ನು ತಾನೇ ಇಡಬೇಕಿತ್ತು. 1985ರಲ್ಲಿ ಅಮೆರಿಕದಲ್ಲಿ ಬಂದ ಇಟ್ಯಾಕ್ ನ್ಯಾವಿಗೇಟರ್ ನಕಾಶೆಗಳನ್ನು ಕ್ಯಾಸೆಟ್ಟುಗಳಲ್ಲಿ ಸಂಗ್ರಹಿಸಿಟ್ಟಿತ್ತು. ಅಮೆರಿಕದ ಜಿಪಿಎಸ್ ಉಪಗ್ರಹ ವ್ಯವಸ್ಥೆಯಲ್ಲಿ ನಾಗರಿಕ ಬಳಕೆಯ ಸಂಕೇತವನ್ನು ಉದ್ದೇಶಪೂರ್ವಕವಾಗಿ ಮಸುಕುಗೊಳಿಸುವ ಕ್ರಮವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಲಾಯಿತು. ಅಲ್ಲಿಯವರೆಗೆ ನೂರು ಮೀಟರಿನಷ್ಟು ತಪ್ಪಬಹುದಾಗಿದ್ದ ಸ್ಥಳಸೂಚನೆ ಆ ಬಳಿಕ ರಸ್ತೆಯಿಂದ ರಸ್ತೆಯನ್ನು ಬೇರ್ಪಡಿಸಿ ಹೇಳುವಷ್ಟು ನಿಖರವಾಯಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೂ (ಇಸ್ರೋ) ನಾವಿಕ್ ಎಂಬ ಪ್ರಾದೇಶಿಕ ವ್ಯವಸ್ಥೆಯನ್ನು ರೂಪಿಸಿದ್ದು, ಇದರ ಮೊದಲ ಉಪಗ್ರಹ 2013ರ ಜುಲೈ 1ರಂದು ಉಡಾವಣೆಗೊಂಡಿತು. ಇದಕ್ಕೆ ಸಂಬಂಧಿಸಿದ ಇಸ್ರೋ ಸಂಚರಣೆ ಕೇಂದ್ರ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ.

2018ರಲ್ಲಿ ಗೂಗಲ್ ಮ್ಯಾಪ್ಸ್ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಧ್ವನಿಸೂಚನೆ ನೀಡಲಾರಂಭಿಸಿತು. ಇಂಗ್ಲಿಷ್ ಸೂಚನೆಯನ್ನು ಮನಸ್ಸಿನಲ್ಲಿ ಅರ್ಥೈಸಿಕೊಂಡು ಪರದೆಯನ್ನೂ ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಬೇಕಾಗಿದ್ದ ಚಾಲಕರಿಗೆ ಇದು ಸಣ್ಣ ಸೌಕರ್ಯವೇನಲ್ಲ.

ಗಮನ ಮತ್ತು ಚಾಲನೆ

ವಿಶ್ವ ಆರೋಗ್ಯ ಸಂಸ್ಥೆಯು ಮೊಬೈಲ್ ಬಳಕೆ ಮತ್ತು ಚಾಲಕರ ಗಮನಭಂಗವನ್ನು ಕುರಿತು 2011ರಲ್ಲಿ ಪ್ರಕಟಿಸಿದ ವರದಿಯು ಗಮನಭಂಗವನ್ನು ನಾಲ್ಕು ಬಗೆಯಾಗಿ ಗುರುತಿಸಿತು: ಕಣ್ಣು ರಸ್ತೆಯಿಂದ ಸರಿಯುವುದು, ಕೈ ಸ್ಟೀರಿಂಗಿನಿಂದ ಸರಿಯುವುದು, ಕಿವಿ ಬೇರೆ ಶಬ್ದಕ್ಕೆ ಸಲ್ಲುವುದು ಮತ್ತು ಮನಸ್ಸು ಬೇರೆ ವಿಷಯದಲ್ಲಿ ತೊಡಗುವುದು. ಫೋನನ್ನು ಕೈಯಲ್ಲಿ ಹಿಡಿದವನಿಗೆ ಈ ನಾಲ್ಕೂ ಒಟ್ಟಿಗೆ ಒದಗುತ್ತವೆ. ಹ್ಯಾಂಡ್ಸ್‌ಫ್ರೀ ಸಾಧನವು ಕೈಯ ತೊಂದರೆಯನ್ನೂ ಕಣ್ಣಿನ ತೊಂದರೆಯನ್ನೂ ಬಹುಪಾಲು ನಿವಾರಿಸುತ್ತದೆ. ಉಳಿದೆರಡನ್ನು ಅದು ಮುಟ್ಟುವುದೇ ಇಲ್ಲ.

ಈ ಸಂಗತಿಯನ್ನು ಮೊದಲು ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಬ್ರೌನ್, ಟಿಕ್ನರ್ ಮತ್ತು ಸಿಮಂಡ್ಸ್ ಪ್ರಮುಖರು. ಕೈಯಲ್ಲಿ ಹಿಡಿಯುವ ಮೊಬೈಲ್ ಫೋನ್ ಇನ್ನೂ ಇಲ್ಲದಿದ್ದ 1969ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಚಾಲಕರು ದೂರವಾಣಿಯಲ್ಲಿ ಕೇಳಿಬರುವ ವಾಕ್ಯಗಳು ಸರಿಯೋ ತಪ್ಪೋ ಎಂದು ಉತ್ತರಿಸುತ್ತಲೇ ಎದುರಿನ ಕಿರಿದಾದ ಸಂದಿಯಲ್ಲಿ ಕಾರು ಹಿಡಿಸುತ್ತದೆಯೇ ಎಂದು ನಿರ್ಧರಿಸಬೇಕಿತ್ತು. ಕಾರನ್ನು ಹಿಡಿತದಲ್ಲಿಟ್ಟುಕೊಳ್ಳುವ ರೂಢಿಯ ಕೆಲಸಕ್ಕೆ ಹೆಚ್ಚಿನ ತೊಂದರೆಯಾಗಲಿಲ್ಲ. ಆದರೆ ಸಂದಿಯನ್ನು ಅಳೆದು ತೀರ್ಮಾನಿಸುವ ಶಕ್ತಿ ಕುಗ್ಗಿತು. ಕೈಕಾಲುಗಳು ಅಭ್ಯಾಸಬಲದಿಂದ ನಡೆಸುವ ಕೆಲಸ ಮತ್ತು ಬುದ್ಧಿ ಆ ಕ್ಷಣದಲ್ಲಿ ಮಾಡಬೇಕಾದ ನಿರ್ಣಯ, ಇವೆರಡರ ನಡುವಿನ ಈ ವ್ಯತ್ಯಾಸವೇ ಮುಂದಿನ ಸಂಶೋಧನೆಗಳ ತಿರುಳಾಯಿತು. ಅನುಭವಸ್ಥ ಚಾಲಕರು ತಾವು ಮಾತನಾಡುತ್ತಲೂ ಚೆನ್ನಾಗಿಯೇ ಓಡಿಸುತ್ತೇವೆ ಎನ್ನುವುದು ಸುಳ್ಳಲ್ಲ. ಅವರು ಚೆನ್ನಾಗಿ ನಡೆಸುವುದು ಮೊದಲನೆಯ ಬಗೆಯ ಕೆಲಸವನ್ನು. ರಸ್ತೆಗೆ ಹಠಾತ್ತನೆ ಮಗುವೊಂದು ಓಡಿಬಂದಾಗ ಬೇಕಾಗುವುದು ಎರಡನೆಯದು.

1997ರಲ್ಲಿ ಕೆನಡಾದ ಡೊನಾಲ್ಡ್ ರೆಡೆಲ್‌ಮಯರ್ ಮತ್ತು ರಾಬರ್ಟ್ ಟಿಬ್ಶಿರಾನಿ ಅವರು ಟೊರಾಂಟೊ ಪ್ರದೇಶದಲ್ಲಿ ಅಪಘಾತಕ್ಕೊಳಗಾದ, ಮೊಬೈಲ್ ಹೊಂದಿದ್ದ 699 ಚಾಲಕರ ಕರೆ ದಾಖಲೆಗಳನ್ನು ಪರಿಶೀಲಿಸಿದರು. ಅಪಘಾತಕ್ಕೆ ಮುನ್ನಿನ ಕೆಲವು ನಿಮಿಷಗಳಲ್ಲಿ ಕರೆ ನಡೆದಿತ್ತೇ, ಅದೇ ವ್ಯಕ್ತಿ ಹಿಂದಿನ ದಿನ ಅದೇ ಹೊತ್ತಿನಲ್ಲಿ ಮಾತನಾಡಿದ್ದನೇ ಎಂದು ಹೋಲಿಸುವುದು ಅವರ ಕ್ರಮ. ಹೀಗೆ ಒಬ್ಬನನ್ನು ಅವನೊಂದಿಗೇ ಹೋಲಿಸಿದ್ದರಿಂದ ವಯಸ್ಸು, ಸ್ವಭಾವ, ಅನುಭವಗಳ ವ್ಯತ್ಯಾಸ ಫಲಿತಾಂಶವನ್ನು ಕೆಡಿಸುವಂತಿರಲಿಲ್ಲ. ಕರೆಯ ವೇಳೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡುಬಂದಿತು. ಹ್ಯಾಂಡ್ಸ್‌ಫ್ರೀ ಬಳಸಿದವರಿಗೆ ಹೆಚ್ಚಿನ ಸುರಕ್ಷತೆ ದೊರೆತಂತೆ ಕಾಣಲಿಲ್ಲ. ಆ ಚಾಲಕರಲ್ಲಿ ಶೇಕಡ 39 ಮಂದಿ ಅಪಘಾತದ ಬಳಿಕ ನೆರವಿಗಾಗಿ ತುರ್ತುಸೇವೆಗೆ ಕರೆ ಮಾಡಿದ್ದು ಅದೇ ಫೋನಿನಿಂದ ಎಂಬುದನ್ನೂ ಸಂಶೋಧಕರು ದಾಖಲಿಸಿದ್ದಾರೆ. 2005ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 456 ಚಾಲಕರ ಮೇಲೆ ಇದೇ ಕ್ರಮದಲ್ಲಿ ನಡೆದ ಅಧ್ಯಯನವೂ ಸುಮಾರು ನಾಲ್ಕು ಪಟ್ಟಿನ ಅಂದಾಜಿಗೇ ಬಂದಿತು.

ನೋಡಿಯೂ ಕಾಣದಿರುವುದು

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಸಹೋದ್ಯೋಗಿಗಳು 2001ರಿಂದ ಪ್ರಕಟಿಸಿದ ಅಧ್ಯಯನಗಳ ಸರಣಿ ಈ ವಿಷಯದಲ್ಲಿ ಹೆಚ್ಚು ಚರ್ಚಿತವಾಗಿದೆ. ಮೊದಲ ಪ್ರಯೋಗದಲ್ಲಿ ಫೋನಿನಲ್ಲಿ ಮಾತನಾಡುತ್ತಿದ್ದವರು ಕೃತಕ ಸಂಚಾರ ದೀಪಗಳನ್ನು ಗಮನಿಸದೆ ಹೋದದ್ದು ಸುಮಾರು ಎರಡು ಪಟ್ಟಾಯಿತು. ಕೈಯಲ್ಲಿ ಹಿಡಿದ ಫೋನಿಗೂ ಹ್ಯಾಂಡ್ಸ್‌ಫ್ರೀಗೂ ಅಂತರ ಕಾಣಲಿಲ್ಲ. ರೇಡಿಯೊ ಕೇಳುತ್ತಿದ್ದವರಲ್ಲಿ ಈ ದೋಷ ಇರಲಿಲ್ಲ. ಕೇಳುವುದೊಂದೇ ಆದರೆ ಮನಸ್ಸು ಬೇಕೆಂದಾಗ ಅದನ್ನು ಬಿಟ್ಟು ರಸ್ತೆಯ ಕಡೆಗೆ ಹೊರಳಬಲ್ಲದು. ಸಂಭಾಷಣೆಯಲ್ಲಿ ಉತ್ತರವನ್ನೂ ಕಟ್ಟಬೇಕಾಗುತ್ತದೆ, ಅತ್ತ ಇರುವವರು ಕಾಯುತ್ತಿರುತ್ತಾರೆ.

ಚಾಲಕರ ಕಣ್ಣಿನ ಚಲನೆಯನ್ನು ದಾಖಲಿಸಿದ ಮತ್ತೊಂದು ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಹ್ಯಾಂಡ್ಸ್‌ಫ್ರೀಯಲ್ಲಿ ಮಾತನಾಡುತ್ತಿದ್ದವರ ದೃಷ್ಟಿ ರಸ್ತೆಬದಿಯ ಫಲಕಗಳ ಮೇಲೆ ಬಿದ್ದಿದ್ದರೂ ಅವುಗಳನ್ನು ನಂತರ ಗುರುತಿಸಲು ಅನೇಕರಿಗೆ ಸಾಧ್ಯವಾಗಲಿಲ್ಲ. ಕಣ್ಣು ವಸ್ತುವಿನ ಮೇಲೆ ನೆಟ್ಟಿದ್ದರೂ ಮನಸ್ಸು ಅದನ್ನು ಸ್ವೀಕರಿಸದ ಈ ಸ್ಥಿತಿಯನ್ನು ಮನೋವಿಜ್ಞಾನದಲ್ಲಿ ಗಮನಾಂಧತೆ ಎನ್ನಬಹುದು. ‘ಎದುರಿಗೇ ಇತ್ತು, ಆದರೆ ಕಾಣಲೇ ಇಲ್ಲ’ ಎಂದು ಅಪಘಾತದ ಬಳಿಕ ಚಾಲಕರು ಹೇಳುವ ಮಾತು ಎಷ್ಟೋ ವೇಳೆ ನೆಪವಾಗಿರದೆ ನಿಜವೇ ಆಗಿರಬಹುದು. 2006ರಲ್ಲಿ ಇದೇ ತಂಡ ಫೋನಿನಲ್ಲಿ ಮಾತನಾಡುವ ಚಾಲಕರನ್ನು ರಕ್ತದಲ್ಲಿ ಮದ್ಯಸಾರದ ಪ್ರಮಾಣ ಶೇಕಡ 0.08 ಇದ್ದ ಚಾಲಕರೊಂದಿಗೆ ಹೋಲಿಸಿ, ಎರಡೂ ಗುಂಪುಗಳ ಚಾಲನೆ ಬೇರೆಬೇರೆ ರೀತಿಯಲ್ಲಿ, ಆದರೆ ಹೋಲಿಸಬಹುದಾದಷ್ಟು ಮಟ್ಟಿಗೆ ಕೆಡುತ್ತದೆಂದು ಹೇಳಿತು. ಇನ್ನೂರು ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡೂ ಕೆಲಸವನ್ನು ಕುಂದಿಲ್ಲದೆ ನಿರ್ವಹಿಸಿದವರು ಶೇಕಡ 2.5ರಷ್ಟು ಮಾತ್ರ. ತಾವು ಆ ಗುಂಪಿನವರೆಂದು ಭಾವಿಸುವವರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು.

ಪಕ್ಕದಲ್ಲಿ ಕುಳಿತವರ ಮಾತು

ಹಾಗಾದರೆ ಕಾರಿನಲ್ಲಿ ಜೊತೆಗಿರುವವರೊಡನೆ ಮಾತನಾಡುವುದೂ ಅಷ್ಟೇ ಅಪಾಯವಲ್ಲವೇ ಎಂಬ ಪ್ರಶ್ನೆ ಸಹಜ. 2008ರಲ್ಲಿ ಪ್ರಕಟವಾದ ಡ್ರೂಸ್, ಪಸುಪತಿ ಮತ್ತು ಸ್ಟ್ರೇಯರ್ ಅವರ ಅಧ್ಯಯನ ಇದಕ್ಕೆ ಉತ್ತರ ನೀಡುತ್ತದೆ. ಚಾಲನೆಯ ಸಿಮ್ಯುಲೇಟರಿನಲ್ಲಿ ಕುಳಿತವರಿಗೆ ಹೆದ್ದಾರಿಯಲ್ಲಿ ಸಾಗಿ ನಿರ್ದಿಷ್ಟ ಸ್ಥಳದಲ್ಲಿ ಹೊರದಾರಿಯನ್ನು ಹಿಡಿಯಬೇಕೆಂದು ತಿಳಿಸಲಾಗಿತ್ತು. ಫೋನಿನಲ್ಲಿ ಮಾತನಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ದಾಟಿ ಮುಂದೆ ಹೋದರು. ಪಕ್ಕದಲ್ಲಿದ್ದ ಸ್ನೇಹಿತರೊಂದಿಗೆ ಮಾತನಾಡುತ್ತಿದ್ದವರಲ್ಲಿ ಹೆಚ್ಚಿನವರು ಸರಿಯಾಗಿಯೇ ತಿರುಗಿದರು.

ಕಾರಣ ಸರಳ. ಪಕ್ಕದಲ್ಲಿರುವವರಿಗೂ ರಸ್ತೆ ಕಾಣುತ್ತದೆ. ಲಾರಿಯೊಂದು ಅಡ್ಡಬಂದರೆ ಅವರೂ ಮಾತು ನಿಲ್ಲಿಸುತ್ತಾರೆ, ‘ನೋಡಿಕೊಂಡು’ ಎಂದು ಎಚ್ಚರಿಸುತ್ತಾರೆ, ತಿರುವು ಬಂತೆಂದು ನೆನಪಿಸುತ್ತಾರೆ. ಫೋನಿನ ಆಚೆಗಿರುವವರಿಗೆ ಇದಾವುದೂ ತಿಳಿಯದು; ಚಾಲಕ ಒಂದು ಕ್ಷಣ ಮೌನವಾದರೆ ಅವರು ‘ಹಲೋ, ಕೇಳಿಸ್ತಾ ಇದೆಯಾ?’ ಎನ್ನುತ್ತಾರೆ. ಮೌನ ಅತ್ಯಗತ್ಯವಾದ ಕ್ಷಣದಲ್ಲಿಯೇ ಮಾತಿನ ಒತ್ತಾಯ ಹೆಚ್ಚುವುದು ಫೋನ್ ಸಂಭಾಷಣೆಯ ವಿಶೇಷ ದೋಷ. ಇದಕ್ಕೆ ಯಾವ ಬ್ಲೂಟೂತ್ ಸಾಧನವೂ ಪರಿಹಾರವಲ್ಲ. ಕರೆ ಮಾಡಿದವರು ‘ಗಾಡಿ ಓಡಿಸುತ್ತಿದ್ದೀರಾ?’ ಎಂದು ಮೊದಲು ವಿಚಾರಿಸಿ, ಹೌದೆಂದರೆ ಕರೆ ಮುಗಿಸುವುದು ಹೆಚ್ಚು ಫಲಕಾರಿ.

ಧ್ವನಿ ಆಜ್ಞೆಗಳು

ಬಾಯಿಮಾತಿನಲ್ಲಿ ಫೋನಿಗೆ ಆಜ್ಞೆ ನೀಡುವ ಸೌಲಭ್ಯವೂ ನಿರೀಕ್ಷಿಸಿದಷ್ಟು ಹಗುರವಲ್ಲವೆಂದು ತಿಳಿದುಬಂದಿದೆ. ಅಮೆರಿಕದ ಎಎಎ ಸಂಚಾರ ಸುರಕ್ಷತಾ ಪ್ರತಿಷ್ಠಾನವು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಲವು ವ್ಯವಸ್ಥೆಗಳಲ್ಲಿ ಆಜ್ಞೆ ನೀಡಿ ಮುಗಿಸಿದ ಮೇಲೂ ಚಾಲಕರ ಗಮನ ಪೂರ್ತಿಯಾಗಿ ರಸ್ತೆಗೆ ಮರಳಲು 27 ಸೆಕೆಂಡುಗಳವರೆಗೂ ಬೇಕಾಗಬಹುದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಅಷ್ಟರಲ್ಲಿ 300 ಮೀಟರ್ ದಾಟಿರುತ್ತದೆ. ನಮ್ಮ ಊರುಗಳಲ್ಲಿ 300 ಮೀಟರ್ ಎಂದರೆ ಶಾಲೆ, ಬಸ್ ನಿಲ್ದಾಣ ಮತ್ತು ಒಂದೆರಡು ಅಡ್ಡರಸ್ತೆಗಳು. ಹೆಸರುಗಳ ಉಚ್ಚಾರಣೆಯನ್ನು ಯಂತ್ರ ತಪ್ಪಾಗಿ ಗ್ರಹಿಸಿದಾಗ ತೊಡಕು ಇನ್ನೂ ಹೆಚ್ಚುತ್ತದೆ. ಮತ್ತೆ ಮತ್ತೆ ಹೇಳಬೇಕಾದ ಚಾಲಕ ಕೊನೆಗೆ ಸಿಟ್ಟಿನಿಂದ ಪರದೆಯನ್ನೇ ಒತ್ತತೊಡಗುತ್ತಾನೆ.

ಭಿನ್ನ ಅಭಿಪ್ರಾಯ

ಎಲ್ಲ ಸಂಶೋಧಕರೂ ಈ ತೀರ್ಮಾನವನ್ನು ಒಪ್ಪಿಲ್ಲ. ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯು ನಿಜವಾದ ವಾಹನಗಳಲ್ಲಿ ಕ್ಯಾಮೆರಾ ಅಳವಡಿಸಿ ನಡೆಸಿ, 2009ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನಗಳಲ್ಲಿ ಮುಖ್ಯ ಅಪಾಯ ಕಂಡದ್ದು ಕಣ್ಣು ರಸ್ತೆಯಿಂದ ಸರಿದಾಗ. ಸಂದೇಶ ಟೈಪ್ ಮಾಡುತ್ತಿದ್ದ ಭಾರಿ ಟ್ರಕ್ ಚಾಲಕರಿಗೆ ಅಪಘಾತ ಅಥವಾ ಅದರ ಅಂಚಿನ ಸ್ಥಿತಿ ಎದುರಾಗುವ ಸಂಭವ ಸುಮಾರು 23 ಪಟ್ಟು ಹೆಚ್ಚಿತ್ತು. ಬರಿಯ ಮಾತುಕತೆಯಿಂದ ಅಂತಹ ಏರಿಕೆ ಕಂಡುಬರಲಿಲ್ಲ. ಉದ್ದನೆಯ ನಿರ್ಜನ ರಸ್ತೆಯಲ್ಲಿ ಮಾತು ನಿದ್ರೆಯನ್ನು ದೂರವಿಡುತ್ತದೆ ಎಂಬುದು ಒಂದು ವಿವರಣೆ. ಪ್ರಯೋಗಾಲಯದಲ್ಲಿ ಕೇಳಿದಾಗ ಮಾತನಾಡಲೇಬೇಕು, ರಸ್ತೆಯಲ್ಲಾದರೆ ಚಾಲಕ ಅನುಕೂಲ ನೋಡಿ ಮಾತನಾಡುತ್ತಾನೆ ಎಂಬುದು ಇನ್ನೊಂದು. ಈ ವಾದಗಳಲ್ಲಿ ಹುರುಳಿದೆ. ಆದರೆ ಅಮೆರಿಕದ ಅಗಲವಾದ, ವಿಭಜಿತ ಹೆದ್ದಾರಿಯಲ್ಲಿ ದೊರೆತ ನೆಮ್ಮದಿಯನ್ನು, ದನಕರು, ಪಾದಚಾರಿ, ಎದುರುದಿಕ್ಕಿನ ಸ್ಕೂಟರ್ ಮತ್ತು ಗುರುತು ಮಾಸಿದ ಉಬ್ಬುಗಳಿರುವ ರಸ್ತೆಗೆ ಹಾಗೆಯೇ ಅನ್ವಯಿಸುವುದು ಉಚಿತವಲ್ಲ.

ನ್ಯಾವಿಗೇಷನ್: ನೆರವು ಮತ್ತು ಅಪಾಯ

ನ್ಯಾವಿಗೇಷನ್ ಫೋನ್ ಕರೆಯಂತಲ್ಲ. ಅದು ಚಾಲನೆಗೆ ಸಂಬಂಧಿಸಿದ ಕೆಲಸವೇ ಆಗಿದೆ. ದಾರಿ ಗೊತ್ತಿಲ್ಲದ ಚಾಲಕನು ಫಲಕಗಳನ್ನು ಹುಡುಕುತ್ತ, ಏಕಾಏಕಿ ವೇಗ ತಗ್ಗಿಸುತ್ತ, ಕೊನೆಯ ಕ್ಷಣದಲ್ಲಿ ಲೇನ್ ಬದಲಿಸುತ್ತ ಹೋಗುವುದಕ್ಕಿಂತ ‘ಐನೂರು ಮೀಟರ್ ನಂತರ ಎಡಕ್ಕೆ ತಿರುಗಿ’ ಎಂಬ ಸೂಚನೆ ಕೇಳಿ ಮೊದಲೇ ಸಿದ್ಧನಾಗುವುದು ಮೇಲು. ಸೂಚನೆ ಚಿಕ್ಕದು, ಅದಕ್ಕೆ ಉತ್ತರಿಸಬೇಕಾಗಿಲ್ಲ.

ಅಪಾಯ ಇರುವುದು ಎರಡು ಕಡೆ. ಮೊದಲನೆಯದು ಪರದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಸೆಕೆಂಡಿಗೆ ಸುಮಾರು 17 ಮೀಟರ್ ಚಲಿಸುತ್ತದೆ. ನಕಾಶೆಯತ್ತ ಎರಡು ಸೆಕೆಂಡು ನೋಡಿದರೆ 33 ಮೀಟರುಗಳನ್ನು ಕುರುಡಾಗಿ ಸಾಗಿದಂತೆ. ಚಲಿಸುತ್ತಿರುವಾಗಲೇ ಊರಿನ ಹೆಸರನ್ನು ಟೈಪ್ ಮಾಡುವುದು ಇದಕ್ಕಿಂತ ಬಹಳ ಕೆಟ್ಟದ್ದು. 2017ರ ಎಎಎ ಅಧ್ಯಯನದಲ್ಲಿ ಕಾರಿನ ವ್ಯವಸ್ಥೆಗಳಿಗೆ ತಲುಪಬೇಕಾದ ಸ್ಥಳವನ್ನು ತಿಳಿಸಲು ಸರಾಸರಿ 40 ಸೆಕೆಂಡುಗಳು ಬೇಕಾದವು.

ಎರಡನೆಯದು ಅತಿಯಾದ ನಂಬಿಕೆ. ನಕಾಶೆ ಎಂದರೆ ಯಾವುದೋ ಒಂದು ದಿನ ಸಂಗ್ರಹಿಸಿದ ಮಾಹಿತಿ. ನಿನ್ನೆ ಕುಸಿದ ಸೇತುವೆ, ಈ ಸಂಜೆ ನೀರು ತುಂಬಿದ ಕೆಳಸೇತುವೆ, ಜಾತ್ರೆಗಾಗಿ ಮುಚ್ಚಿದ ತೇರಿನ ಬೀದಿ ಅದಕ್ಕೆ ತಿಳಿದಿರಲೇಬೇಕೆಂದಿಲ್ಲ. 2023ರ ಅಕ್ಟೋಬರ್ 1ರಂದು ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ರಾತ್ರಿಯ ಮಳೆಯಲ್ಲಿ ಸಾಗುತ್ತಿದ್ದ ಕಾರು ಪೆರಿಯಾರ್ ನದಿಗೆ ಇಳಿದು ಇಬ್ಬರು ಯುವ ವೈದ್ಯರು ಮೃತಪಟ್ಟರು. ಅವರು ಫೋನಿನ ನಕಾಶೆಯನ್ನು ಅನುಸರಿಸುತ್ತಿದ್ದರೆಂದು ವರದಿಯಾಯಿತು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಮತ್ತು ಬದಾಯೂಂ ಜಿಲ್ಲೆಗಳ ನಡುವೆ ರಾಮಗಂಗಾ ನದಿಯ ಸೇತುವೆಯಿಂದ ಕಾರು ಬಿದ್ದು ಮೂವರು ಅಸುನೀಗಿದರು. ಆ ಸೇತುವೆಯ ಒಂದು ಭಾಗ ಅದಕ್ಕೂ ಮೊದಲೇ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಇಂತಹ ದುರಂತಗಳಲ್ಲಿ ನಕಾಶೆಯನ್ನೊಂದೇ ದೂರಿದರೆ ಸಾಲದು. ಮುರಿದ ಸೇತುವೆಯ ಮುಂದೆ ಗಟ್ಟಿಯಾದ ಅಡ್ಡಗೋಡೆ ಇದ್ದಿದ್ದರೆ ನಕಾಶೆಯ ತಪ್ಪು ಜೀವ ತೆಗೆಯುತ್ತಿರಲಿಲ್ಲ.

ಕರ್ನಾಟಕದಲ್ಲಿಯೂ ಸ್ಥಳೀಯ ನಿಯಮಗಳನ್ನು ಹೊರಡುವ ಮೊದಲೇ ತಿಳಿದುಕೊಳ್ಳಬೇಕಾದ ದಾರಿಗಳಿವೆ. ಬಂಡೀಪುರ ಅರಣ್ಯದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಆಗುಂಬೆ ಘಾಟಿಯ ಕಡಿದಾದ ತಿರುವುಗಳು ಭಾರಿ ವಾಹನಗಳಿಗೆ ತಕ್ಕವಲ್ಲ. ಮಳೆಗಾಲದಲ್ಲಿ ಮಲೆನಾಡಿನ ಘಾಟಿಗಳಲ್ಲಿ ಸಂಚಾರದ ಆದೇಶಗಳು ಬದಲಾಗುತ್ತಿರುತ್ತವೆ. ಕಾರಿಗೆಂದು ಲೆಕ್ಕ ಹಾಕಿದ ದಾರಿಯನ್ನು ಲಾರಿಯ ಚಾಲಕ ಅನುಸರಿಸಿದರೆ ಸಿಕ್ಕಿಬೀಳುವ ಸಂಭವವುಂಟು. ಘಾಟಿಗಳಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ ನಕಾಶೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವುದು ಒಳ್ಳೆಯದು. ಅನುಮಾನ ಬಂದಾಗ ಗಾಡಿ ನಿಲ್ಲಿಸಿ ದಾರಿಬದಿಯ ಚಹಾದಂಗಡಿಯಲ್ಲಿ ವಿಚಾರಿಸುವ ಹಳೆಯ ಪದ್ಧತಿ ಇನ್ನೂ ಪ್ರಯೋಜನಕಾರಿಯೇ.

ಭಾರತದ ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಅಪಾಯಕಾರಿ ಚಾಲನೆಯನ್ನು ಕುರಿತದ್ದು. 2019ರ ತಿದ್ದುಪಡಿಯು ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನಗಳ ಬಳಕೆಯನ್ನು ಈ ಕಲಮಿನ ವ್ಯಾಪ್ತಿಗೆ ಸ್ಪಷ್ಟವಾಗಿ ತಂದಿತು. ಕೆಂಪು ದೀಪ ದಾಟುವುದು, ಎದುರುದಿಕ್ಕಿನಲ್ಲಿ ಓಡಿಸುವುದು ಮುಂತಾದವೂ ಇದೇ ಪಟ್ಟಿಯಲ್ಲಿವೆ. ಮೊದಲ ಅಪರಾಧಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸ ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮೂರು ವರ್ಷಗಳೊಳಗೆ ಮತ್ತೆ ಅಪರಾಧವೆಸಗಿದರೆ 2 ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಅನ್ವಯಿಸುತ್ತವೆ. ಸ್ಥಳದಲ್ಲಿಯೇ ಪಾವತಿಸುವ ದಂಡದ ಮೊತ್ತವನ್ನು ರಾಜ್ಯಗಳು ಗೊತ್ತುಪಡಿಸುತ್ತವೆ. ಕರ್ನಾಟಕ ಸರ್ಕಾರವು 2019ರ ಸೆಪ್ಟೆಂಬರ್‌ನಲ್ಲಿ ಹಲವು ಉಲ್ಲಂಘನೆಗಳ ದಂಡವನ್ನು ತಗ್ಗಿಸಿತು.

ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯು 2015ರಲ್ಲಿ ರಾಜ್ಯಗಳಿಗೆ ನೀಡಿದ ನಿರ್ದೇಶನದಂತೆ, ಚಾಲನೆಯ ವೇಳೆ ಮೊಬೈಲ್ ಬಳಸಿದವರ ಚಾಲನಾ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತಿನಲ್ಲಿಡಬೇಕು.

2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ನ್ಯಾವಿಗೇಷನ್‌ಗೆ ವಿನಾಯಿತಿ ನೀಡಿತು. ಇದರ ಪ್ರಕಾರ, ಇಂತಹ ಸಾಧನವನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದ ರೀತಿಯಲ್ಲಿ, ಬಳಸಬಹುದು. ಹೋಲ್ಡರಿನಲ್ಲಿ ಫೋನ್ ಇಟ್ಟು ದಾರಿ ನೋಡುವವರಿಗೆ ಈ ನಿಯಮ ರಕ್ಷಣೆ ನೀಡುತ್ತದೆ. ಅದೇ ಹೋಲ್ಡರಿನಲ್ಲಿ ವೀಡಿಯೊ ನೋಡುವವರಿಗೆ ನೀಡುವುದಿಲ್ಲ.

ಕಾಯ್ದೆಯ ಪದಗಳು ‘ಕೈಯಲ್ಲಿ ಹಿಡಿಯುವ’ ಸಾಧನಗಳಿಗೆ ಸೀಮಿತವಾಗಿರುವುದರಿಂದ ಹ್ಯಾಂಡ್ಸ್‌ಫ್ರೀ ಸಂಭಾಷಣೆಗೆ ಆ ಕಲಮಿನಡಿ ದಂಡವಿಲ್ಲ. ಇದು ಅನುಮತಿಗಿಂತ ಹೆಚ್ಚಾಗಿ ಕಾನೂನಿನ ಮಿತಿ. ಪೊಲೀಸರಿಗೂ ಕ್ಯಾಮೆರಾಕ್ಕೂ ಕಾಣುವುದು ಕೈ. ಮನಸ್ಸು ಎಲ್ಲಿದೆಯೆಂದು ಯಾರೂ ಚಿತ್ರ ತೆಗೆಯಲಾರರು. ಹ್ಯಾಂಡ್ಸ್‌ಫ್ರೀಯಲ್ಲಿ ಮಾತನಾಡುತ್ತಿದ್ದಾಗ ಅಪಘಾತವಾದರೆ ಅಜಾಗರೂಕ ಚಾಲನೆಯ ಹೊಣೆಯಿಂದ ಚಾಲಕ ತಾನಾಗಿ ಮುಕ್ತನಾಗುವುದೂ ಇಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತಪಟ್ಟರು. ಮೊಬೈಲ್ ಬಳಕೆಯಿಂದ ಸಂಭವಿಸಿದವೆಂದು ದಾಖಲಾದ ಸಾವುಗಳು ಇದರಲ್ಲಿ ಸುಮಾರು ಶೇಕಡ 2. ಈ ಪ್ರಮಾಣವನ್ನು ಕನಿಷ್ಠ ಅಂದಾಜೆಂದು ತಿಳಿಯುವುದು ಸೂಕ್ತ. ಅತಿವೇಗವನ್ನು ಜಖಂಗೊಂಡ ವಾಹನ ಹೇಳುತ್ತದೆ, ಮದ್ಯಪಾನವನ್ನು ರಕ್ತಪರೀಕ್ಷೆ ಹೇಳುತ್ತದೆ. ಮಾತು ಹೇಳದೆ ಮಾಯವಾಗುತ್ತದೆ.

ಫೋನೇ ಕಸುಬಿನ ಸಾಧನವಾದವರು

ಟ್ಯಾಕ್ಸಿ, ಆಟೋ ಮತ್ತು ಮನೆಬಾಗಿಲಿಗೆ ಸರಕು ತಲುಪಿಸುವ ಸವಾರರಿಗೆ ಫೋನನ್ನು ಆರಿಸಿಡುವ ಸಲಹೆ ಅನ್ವಯಿಸದು. ಬಾಡಿಗೆ ಬರುವುದು ಅದರಲ್ಲಿ, ವಿಳಾಸ ಸಿಗುವುದು ಅದರಲ್ಲಿ, ಗಿರಾಕಿ ಕರೆಯುವುದೂ ಅದರಲ್ಲಿಯೇ. ಹೊಸ ಬಾಡಿಗೆಯ ಸೂಚನೆ ಪರದೆಯ ಮೇಲೆ ಕೆಲವೇ ಸೆಕೆಂಡು ನಿಲ್ಲುವುದರಿಂದ ಓಡುತ್ತಿರುವಾಗಲೇ ಒತ್ತಬೇಕಾಗುತ್ತದೆ. ಒತ್ತದಿದ್ದರೆ ಅದು ಬೇರೆಯವರ ಪಾಲಾಗುತ್ತದೆ. ಇಲ್ಲಿ ಚಾಲಕನ ಅಶಿಸ್ತಿಗಿಂತ ಕೆಲಸದ ಏರ್ಪಾಡೇ ಹೆಚ್ಚು ಹೊಣೆಯಾಗಿದೆ. ವಾಹನ ನಿಂತಾಗ ಮಾತ್ರ ಸೂಚನೆ ಬರುವಂತೆ ತಂತ್ರಾಂಶವನ್ನು ರೂಪಿಸುವುದು ತಾಂತ್ರಿಕವಾಗಿ ಕಷ್ಟವಲ್ಲ, ಏಕೆಂದರೆ ವಾಹನ ಚಲಿಸುತ್ತಿದೆಯೇ ಎಂಬುದು ಆ ತಂತ್ರಾಂಶಕ್ಕೆ ಸದಾ ತಿಳಿದಿರುತ್ತದೆ. ವಿಳಾಸಕ್ಕಾಗಿ ಪದೇ ಪದೇ ಕರೆ ಮಾಡುವ ಗಿರಾಕಿಗಳೂ ಈ ಅಪಾಯದಲ್ಲಿ ಪಾಲುದಾರರು.

ದ್ವಿಚಕ್ರ ವಾಹನದಲ್ಲಿ ಎರಡೂ ಕಿವಿಗಳಿಗೆ ಇಯರ್‌ಫೋನ್ ಹಾಕಿಕೊಳ್ಳುವುದರಿಂದ ಹಿಂದಿನಿಂದ ಬರುವ ಬಸ್ಸಿನ ಹಾರ್ನ್, ಆಂಬುಲೆನ್ಸಿನ ಸೈರನ್ ಕೇಳಿಸದೆ ಹೋಗಬಹುದು. ಕಾರಿನಲ್ಲಿರುವವರಿಗೆ ಸುತ್ತ ಲೋಹದ ಕವಚವಾದರೂ ಇದೆ.

ಬಳಕೆಯ ಕ್ರಮ

ತಲುಪಬೇಕಾದ ಸ್ಥಳವನ್ನು ಎಂಜಿನ್ ಆರಂಭಿಸುವ ಮುನ್ನವೇ ನಮೂದಿಸಿ, ದಾರಿಯನ್ನು ಒಮ್ಮೆ ಪೂರ್ತಿಯಾಗಿ ನೋಡಿಕೊಳ್ಳುವುದು ಅತ್ಯಂತ ಮುಖ್ಯವಾದ ಕ್ರಮ. ಧ್ವನಿಸೂಚನೆಯನ್ನು ತನಗೆ ಸಲೀಸಾದ ಭಾಷೆಯಲ್ಲಿ ಇಟ್ಟುಕೊಂಡರೆ ಪರದೆ ನೋಡುವ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ. ಫೋನ್ ಹೋಲ್ಡರ್ ಮುಂದಿನ ಗಾಜಿನ ನೋಟವನ್ನು ಮರೆಮಾಡಬಾರದು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿಯೂ ಇರಬಾರದು. ಫೋನುಗಳಲ್ಲಿ ಚಾಲನೆಯ ವೇಳೆ ಕರೆ ಮತ್ತು ಸಂದೇಶಗಳನ್ನು ತಡೆದು, ‘ಈಗ ವಾಹನ ಓಡಿಸುತ್ತಿದ್ದೇನೆ’ ಎಂಬ ಉತ್ತರವನ್ನು ತಾನಾಗಿ ಕಳುಹಿಸುವ ಸೌಲಭ್ಯವಿದೆ. ಜೊತೆಯಲ್ಲಿ ಯಾರಾದರೂ ಇದ್ದರೆ ಫೋನನ್ನು ಅವರ ಕೈಗೆ ಕೊಡಬಹುದು.

ಸ್ವೀಕರಿಸಲೇಬೇಕಾದ ಕರೆ ಬಂದಲ್ಲಿ ಹ್ಯಾಂಡ್ಸ್‌ಫ್ರೀಯಲ್ಲಿ ‘ನಿಲ್ಲಿಸಿ ಮಾತಾಡುತ್ತೇನೆ’ ಎಂದಷ್ಟೇ ಹೇಳಿ, ಸುರಕ್ಷಿತ ಸ್ಥಳದಲ್ಲಿ ವಾಹನ ನಿಲ್ಲಿಸಿದ ಬಳಿಕ ಮರಳಿ ಕರೆ ಮಾಡಬೇಕು. ಹೆದ್ದಾರಿಯ ಅಂಚು ಸುರಕ್ಷಿತ ಸ್ಥಳವಲ್ಲ, ಅದರಲ್ಲಿಯೂ ರಾತ್ರಿಯಲ್ಲಿ. ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಆವರಣದವರೆಗೆ ಹೋಗುವುದು ಲೇಸು. ಜಗಳ, ಹಣಕಾಸು, ಅನಾರೋಗ್ಯದ ಸುದ್ದಿ ಮೊದಲಾದ ಮನಸ್ಸನ್ನು ಕಲಕುವ ಮಾತುಗಳನ್ನು ಚಕ್ರಗಳು ಉರುಳುತ್ತಿರುವಾಗ ಆಡಲೇಬಾರದು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ಚಾಲನೆಯ ವೇಳೆ ಕೈಯಲ್ಲಿ ಫೋನ್ ಹಿಡಿಯುವುದನ್ನು 2001ರಲ್ಲಿ ಮೊದಲು ನಿಷೇಧಿಸಿದ ರಾಜ್ಯ ನ್ಯೂಯಾರ್ಕ್. ಬ್ರಿಟನ್ನಿನಲ್ಲಿ ಈ ನಿಷೇಧ 2003ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅಲ್ಲಿನ ಕಾನೂನು ಕರೆ ಮತ್ತು ಸಂದೇಶಗಳಂತಹ ಸಂವಹನಕ್ಕೆ ಮಾತ್ರ ಸೀಮಿತವಾಗಿದ್ದುದರಿಂದ ಫೋಟೊ ತೆಗೆಯುವವರು ತಪ್ಪಿಸಿಕೊಳ್ಳುತ್ತಿದ್ದರು. 2022ರ ಮಾರ್ಚ್ 25ರಂದು ಈ ಲೋಪವನ್ನು ಸರಿಪಡಿಸಲಾಯಿತು. ಉಲ್ಲಂಘನೆಗೆ 200 ಪೌಂಡ್ ದಂಡದ ಜೊತೆಗೆ ಪರವಾನಗಿಯ ಮೇಲೆ ಆರು ಅಂಕಗಳು ಬೀಳುತ್ತವೆ. ಹ್ಯಾಂಡ್ಸ್‌ಫ್ರೀ ಬಳಕೆಗೂ ನಿಷೇಧ ವಿಸ್ತರಿಸುವುದನ್ನು ಪರಿಶೀಲಿಸಬೇಕೆಂದು ಬ್ರಿಟಿಷ್ ಸಂಸತ್ತಿನ ಸಾರಿಗೆ ಸಮಿತಿ 2019ರಲ್ಲಿ ಸೂಚಿಸಿತು, ಆದರೆ ಅದು ಕಾನೂನಾಗಲಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಮಿಸ್ಸೂರಿ ರಾಜ್ಯದಲ್ಲಿ 2010ರಲ್ಲಿ ನಡೆದ ಸರಣಿ ಅಪಘಾತದ ತನಿಖೆಯ ನಂತರ, 2011ರ ಡಿಸೆಂಬರ್‌ನಲ್ಲಿ, ತುರ್ತು ಸಂದರ್ಭಗಳ ಹೊರತು ಚಾಲಕರು ಯಾವುದೇ ವೈಯಕ್ತಿಕ ಎಲೆಕ್ಟ್ರಾನಿಕ್ ಸಾಧನವನ್ನು ಬಳಸದಂತೆ ಎಲ್ಲ ರಾಜ್ಯಗಳೂ ನಿಷೇಧಿಸಬೇಕೆಂದು ಶಿಫಾರಸು ಮಾಡಿತು. ಚಾಲನೆಗೆ ನೆರವಾಗುವ ಸಾಧನಗಳನ್ನು ಈ ಶಿಫಾರಸಿನಿಂದ ಹೊರಗಿಡಲಾಗಿತ್ತು.